ನಕ್ಷೆ ಸರಿಯಿಲ್ಲ ಎಂದವರ ಪಟ್ಟಿ

ಒಂದು ನಕ್ಷತ್ರ ಕೊಟ್ಟವರ ಮಾತನ್ನು ಬೆಳಿಗ್ಗೆ ಓದಬೇಕು, ಐದು ಕೊಟ್ಟವರದನ್ನು ಊಟವಾದ ಮೇಲೆ. ನಮ್ಮ ಕಚೇರಿಯ ಕ್ರಮ ಹಾಗಿತ್ತು. ಬೈಗುಳವನ್ನು ಖಾಲಿ ಹೊಟ್ಟೆಯಲ್ಲಿ ಓದಿದರೆ ತಲೆ ಚುರುಕಾಗಿರುತ್ತದೆ ಎಂದು ತಂಡದ ಮುಖ್ಯಸ್ಥ ಹೇಳುತ್ತಿದ್ದ.

ಹೈದರಾಬಾದಿನ ನಾಚಾರಂನಲ್ಲಿ ಬಕೆಟ್ ಅಚ್ಚು ಹಾಕುವ ಸಣ್ಣ ಕಾರ್ಖಾನೆಯೊಂದರ ಮೇಲಿನ ಮಹಡಿ ನಮ್ಮದು. ಕೆಳಗಿನಿಂದ ಕಾದ ಪ್ಲಾಸ್ಟಿಕ್ಕಿನ ವಾಸನೆ ಬರುತ್ತಿತ್ತು; ಮೇಲೆ ಹನ್ನೊಂದು ಜನ ಕೂತು ಹುಲ್ಲುಗಾವಲಿನ ಮೊಬೈಲ್ ಆಟ ಮಾಡುತ್ತಿದ್ದೆವು. ಆಟ ಎರ್ಲಡ್ಡು ಹಕ್ಕಿಯದು. ಎರೆಭೂಮಿಯ ಬಯಲಲ್ಲಿ ಬರೀ ನೆಲದ ಮೇಲೆ ಮೊಟ್ಟೆಯಿಡುವ, ನಿಂತರೆ ಮನುಷ್ಯನ ಸೊಂಟದೆತ್ತರ ಬರುವ ಹಕ್ಕಿ. ಈಗ ಅಲ್ಲೊಂದು ಇಲ್ಲೊಂದು ಉಳಿದಿದೆ. ಆಡುವವರು ಒಂದು ಬಯಲನ್ನು ಆರಿಸಿಕೊಂಡು ನಾಯಿ ಓಡಿಸಬೇಕು, ವಿದ್ಯುತ್ ತಂತಿ ತೆಗೆಸಬೇಕು, ಮರಿ ಹೊರಬರುವ ತನಕ ಮೊಟ್ಟೆ ಕಾಯಬೇಕು. ಹೊರಗೆ ಹೋಗಿ ನಿಜವಾದ ಹಕ್ಕಿಯ ಫೋಟೋ ತೆಗೆದು ಹಾಕಿದರೆ ಆಟದಲ್ಲಿ ಗರಿ ಸಿಗುತ್ತದೆ. ಗುಬ್ಬಿಗೆ ಒಂದು ಗರಿ. ಹಕ್ಕಿ ಅಪರೂಪವಾದಷ್ಟೂ ಗರಿ ಹೆಚ್ಚು. ಮಕ್ಕಳು ಮೊಬೈಲ್ ಹಿಡಿದಾದರೂ ಅಂಗಳಕ್ಕೆ ಇಳಿಯಲಿ ಎಂದು ಇಟ್ಟದ್ದು.

ನಾನು ಪ್ರಾಣಿಶಾಸ್ತ್ರ ಓದಿದವಳೆಂದು ಕೆಲಸಕ್ಕೆ ಕರೆದುಕೊಂಡರು. ಮನೆಮಾತು ರಾಯಚೂರು ಕಡೆಯ ಕನ್ನಡ, ಹೊರಗೆ ತೆಲುಗು ಎಂದು ತಿಳಿದ ಮೇಲೆ ಅಭಿಪ್ರಾಯ ಓದುವ ಕುರ್ಚಿಗೆ ಕೂರಿಸಿದರು. ಆಡಿದವರು ಬರೆದದ್ದೆಲ್ಲ ಒಂದು ಪಟ್ಟಿಗೆ ಬಂದು ಬೀಳುತ್ತಿತ್ತು. ಪ್ರತಿ ಸಾಲಿನ ಮುಂದೆ ನಾನು ಒಂದು ಚೀಟಿ ಅಂಟಿಸಬೇಕು: ಜಾಹೀರಾತು, ಫೋನ್ ಬಿಸಿ, ಮೊಟ್ಟೆ ತಡ, ನಕ್ಷೆ, ಇತರೆ. ಒಬ್ಬರಿಗೆ ಒಂದೇ ಚೀಟಿ. ಚೀಟಿ ಅಂಟಿಸಿದ ಕೂಡಲೇ ಅದಕ್ಕೆ ಹೊಂದುವ ಸಿದ್ಧ ಉತ್ತರ ತಾನಾಗಿ ಹೋಗುತ್ತಿತ್ತು. 'ಇತರೆ' ಜಾಸ್ತಿಯಾದರೆ ಮುಖ್ಯಸ್ಥ ರೇಗುತ್ತಿದ್ದ. ಅದು ಸೋಮಾರಿಗಳ ಖಾನೆಯಂತೆ.

ಓದುವುದು ಬೇಸರದ ಕೆಲಸವೇನಾಗಿರಲಿಲ್ಲ. "ಮೊಟ್ಟೆ ಒಡೆಯಾಕ ಎರಡು ದಿನಾ ಕಾಯಬೇಕಂತ. ಕೋಳಿ ಸಾಕಿದ್ರ ಇಷ್ಟೊತ್ತಿಗೆ ಸಾರು ಆಗಿರ್ತಿತ್ತು" ಎಂದು ಒಬ್ಬ ಬರೆದಿದ್ದ. "ಹಕ್ಕಿ ಭಾಳ ಚಲೋ ಐತಿ. ಜಾಹೀರಾತು ಹಕ್ಕಿಗಿಂತ ಜಾಸ್ತಿ ಅದಾವ. ಅವನ್ನೂ ಅಳಿವಿನಂಚಿಗೆ ಕಳಿಸ್ರಿ" ಎಂದು ಇನ್ನೊಬ್ಬರು.

ಮುಖ್ಯಸ್ಥ ಮೈಸೂರಿನವನು. ಪ್ರತಿ ಶುಕ್ರವಾರ ನನ್ನ ಮೇಜಿನ ಅಂಚಿಗೆ ಒರಗಿ ಕೇಳುತ್ತಿದ್ದ, "ಏನ್ರೀ, ಈ ವಾರ ಯಾವುದಕ್ಕೆ ಜಾಸ್ತಿ ಉಗಿದಿದಾರೆ?"

"ನಕ್ಷಾಕ್ಕರಿ."

"ಮತ್ತೆ ಅದೇನಾ? ನಿಮ್ಮ ಕಡೆಯವರು ಉಗಿಯೋದ್ರಲ್ಲೂ ಮರ್ಯಾದೆ ಬಿಡಲ್ಲ ನೋಡಿ. ರೀ ಹಚ್ಚೇ ಉಗೀತಾರೆ."

ನಕ್ಷೆಯ ತಕರಾರಿಗೆ ಕಾರಣವಿತ್ತು. ಆಟದ ಬಯಲುಗಳು ನಿಜವಾದ ಬಯಲುಗಳು. ಆರಂಭದಲ್ಲಿ ಸಲಹೆಗಿದ್ದ ಹಕ್ಕಿ ಸಂಶೋಧಕಿಯೊಬ್ಬರು ತಮ್ಮ ಸಮೀಕ್ಷೆಯ ಗುರುತುಗಳನ್ನು ಕೊಟ್ಟಿದ್ದರು, ಒಂದು ಷರತ್ತಿನ ಮೇಲೆ. ಪ್ರತಿ ಗುರುತನ್ನೂ ನಿಜವಾದ ಜಾಗದಿಂದ ಹಲವಾರು ಕಿಲೋಮೀಟರ್ ಆಚೆಗೆ ಸರಿಸಿಯೇ ತೋರಿಸಬೇಕು. ಆ ಸರಿಸುವ ಅಂತರವನ್ನು ಸರ್ವರಿನಲ್ಲಿ ಒಂದು ಅಂಕಿಯಾಗಿ ಬರೆದಿಟ್ಟಿದ್ದೆವು. ಹಾಗಾಗಿ ಆಟದಲ್ಲಿ ಹಕ್ಕಿ ಕೂತ ಜಾಗ ನೋಡಿದರೆ ಅಲ್ಲಿ ಕಾಲುವೆಯೋ ಇಟ್ಟಿಗೆ ಭಟ್ಟಿಯೋ ಇರುತ್ತಿತ್ತು. ಆ ಊರುಗಳ ಕಡೆಯವರು ನಗುತ್ತಿದ್ದರು. "ನಮ್ಮ ಮಾವನ ಭಟ್ಟಿ ಮ್ಯಾಲ ಎರ್ಲಡ್ಡು ಕುಂತೈತಿ, ಬೆಂದು ಹೋದೀತು." ನಗುತ್ತಲೇ ಒಂದು ನಕ್ಷತ್ರ ಕೊಡುತ್ತಿದ್ದರು.

ಮೂರು ತಿಂಗಳ ವರದಿಯನ್ನು ನಾನೇ ಬರೆದೆ. ಕೆಂಪು ಬಣ್ಣದ ಅತಿ ಎತ್ತರದ ಕಂಬ ನಕ್ಷೆಯದು. ಕೆಳಗೆ ಒಂದು ವಾಕ್ಯ: "ನಕ್ಷೆ ವಾಸ್ತವಕ್ಕೆ ಹತ್ತಿರವಿರಬೇಕೆಂಬುದು ಆಟಗಾರರ ಮುಖ್ಯ ಬೇಡಿಕೆ." ವಾಕ್ಯ ನನ್ನದು, ಯಾರೂ ಹೇಳಿ ಬರೆಸಿದ್ದಲ್ಲ. ಮುಂದಿನ ಅಪ್‌ಡೇಟಿನಲ್ಲಿ ಆ ಅಂಕಿಯನ್ನು ಸೊನ್ನೆ ಮಾಡಿದರು. ಸಂಶೋಧಕಿಯ ಒಪ್ಪಂದ ಮುಗಿದು ವರ್ಷವಾಗಿತ್ತು, ಅವರನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆಯಬೇಕಿತ್ತು. ಅದೇ ಅಪ್‌ಡೇಟಿನಲ್ಲಿ, ಹಳ್ಳಿಗಳಲ್ಲಿ ಸಿಗ್ನಲ್ ಇಲ್ಲ ಎಂದು ಬರೆದವರಿಗಾಗಿ, ನಕ್ಷೆಯನ್ನು ಫೋನಿನಲ್ಲೇ ಇಳಿಸಿಟ್ಟುಕೊಳ್ಳುವ ಸೌಲಭ್ಯವನ್ನೂ ಸೇರಿಸಿದರು.

ನಕ್ಷತ್ರಗಳು ಏರಿದವು. ಮುಖ್ಯಸ್ಥ ಎಲ್ಲರಿಗೂ ಬಿರಿಯಾನಿ ತರಿಸಿದ.

ಎರಡನೇ ವಾರದ ಗುರುವಾರ, ಊಟವಾದ ಮೇಲೆ, ಐದು ನಕ್ಷತ್ರದ ಒಂದು ಮಾತು ಓದಿದೆ. ತೆಲುಗಿನಲ್ಲಿತ್ತು. ನಕ್ಷೆ ಈಗ ಪಕ್ಕಾ ಆಗಿದೆ, ಭಾನುವಾರ ಗೆಳೆಯರ ಜೊತೆ ಹೋಗಿದ್ದೆವು, ಆಟ ತೋರಿಸಿದ ಜಾಗದಲ್ಲೇ ಹಕ್ಕಿ ಕೂತಿತ್ತು, ಎದ್ದು ಹಾರಿತು, ಎಷ್ಟು ಗರಿ ಸಿಕ್ಕವು ನೋಡಿ ಎಂದು. ಅವರು ಹಾಕಿದ ಫೋಟೋ ತೆರೆದೆ. ಹಾರುತ್ತಿರುವ ಹಕ್ಕಿಯ ಬೆನ್ನು. ಕೆಳಗೆ, ಫೋಟೋದ ಮೂಲೆಯಲ್ಲಿ, ಬರಿನೆಲದ ಮೇಲೆ ಕಂದು ಮಚ್ಚೆಯ ಒಂದೇ ಒಂದು ಮೊಟ್ಟೆ.

ಓದಿದ್ದ ಪ್ರಾಣಿಶಾಸ್ತ್ರವೆಲ್ಲ ಆಗ ನೆನಪಾಯಿತು. ಈ ಹಕ್ಕಿ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆಯಿಡುತ್ತದೆ. ಮೇಲಿಂದ ಮೇಲೆ ಎಬ್ಬಿಸಿದರೆ ಬಿಟ್ಟು ಹೋಗುತ್ತದೆ.

ಮುಖ್ಯಸ್ಥನಿಗೆ ತೋರಿಸಿದೆ. "ಅಂಕಿ ಮೊದಲಿನಂಗ ಮಾಡ್ರಿ. ಇವತ್ತೇ."

ಅವನು ಫೋಟೋವನ್ನು ದೊಡ್ಡದು ಮಾಡಿ ನೋಡಿದ. "ಅಯ್ಯೋ ಪಾಪ. ಸೋಮವಾರದ ಅಪ್‌ಡೇಟಲ್ಲಿ ಹಾಕ್ಸೋಣ ಬಿಡಿ. ಈಗ ತೆಗೆದ್ರೆ ಶನಿವಾರ, ಭಾನುವಾರ ಎರಡೂ ದಿನ ರೇಟಿಂಗ್ ನೆಲ ಕಚ್ಚುತ್ತೆ."

"ಶನಿವಾರ, ಭಾನುವಾರನ ಜನ ಹೋಗೋದು."

"ನಮ್ಮ ಆಟ ನೋಡ್ಕೊಂಡು ಅಷ್ಟು ದೂರ ಯಾರ್ರೀ ಹೋಗ್ತಾರೆ? ಒಬ್ಬಿಬ್ರು ಹುಚ್ಚರು. ನೀವು ಸುಮ್ನೆ ಟೆನ್ಷನ್ ಮಾಡ್ಕೋಬೇಡಿ."

ಒಂದು ಪ್ರದೇಶದ ನಕ್ಷೆಯನ್ನು ಮುಚ್ಚುವ ಗುಂಡಿ ನನ್ನ ಪರದೆಯಲ್ಲೂ ಇತ್ತು. ಒತ್ತಲು ಇಬ್ಬರು ಬೇಕು: ಒಬ್ಬರು ಕೇಳಬೇಕು, ಮುಖ್ಯಸ್ಥ ಒಪ್ಪಬೇಕು. ಆದರೆ ಭಾನುವಾರ ಬೆಳಿಗ್ಗೆ ಆಟಗಾರರಿಗೆ ಬಹುಮಾನ ಬಿಡುವಾಗ ತನ್ನ ನಿದ್ದೆ ಕೆಡಬಾರದೆಂದು ಅವನು ತನ್ನ ಪಾಸ್‌ವರ್ಡನ್ನು ನನಗೆ ಕೊಟ್ಟಿದ್ದ. ಗುರುವಾರ ಮಧ್ಯಾಹ್ನವೇ ನಾನು ಅದನ್ನು ಒತ್ತಬಹುದಿತ್ತು. ಒತ್ತಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆ; ಬೇರೇನೂ ಅಲ್ಲ.

ಒತ್ತುವ ಬದಲು ಸಂಶೋಧಕಿಗೆ ಫೋನ್ ಮಾಡಿದೆ. ಅವರು, ತಾವು ದೂರದ ಊರಿನಲ್ಲಿರುವುದಾಗಿ ಹೇಳಿ, ಆ ಬಯಲನ್ನು ಕಾಯಲು ತಮ್ಮ ತಂಡ ಇಟ್ಟುಕೊಂಡಿದ್ದ ಕಾವಲುಗಾರರೊಬ್ಬರ ನಂಬರ್ ಕೊಟ್ಟರು. ಶುಕ್ರವಾರ ಕೆಲಸ ಮುಗಿಸಿ ಕಾಚಿಗೂಡದಲ್ಲಿ ರಾಯಚೂರು ಕಡೆಯ ರೈಲು ಹತ್ತಿದೆ. ನಮ್ಮ ಮನೆ ಕಾಚಿಗೂಡ ಸ್ಟೇಷನ್ನಿನ ಹಿಂದಿನ ಓಣಿಯಲ್ಲೇ. ಅವ್ವ, "ಹಕ್ಕಿ ನೋಡಾಕ ರಜಾ ಹಾಕ್ತಾರೇನ?" ಎಂದು ಹೊರಡುವ ಮೊದಲು ಡಬ್ಬಿ ಕಟ್ಟಿಕೊಟ್ಟಿದ್ದಳು.

ಶನಿವಾರ ಬೆಳಕು ಹರಿಯುವಾಗ ಕಾವಲುಗಾರರು ಬೈಕಿನಲ್ಲಿ ಸ್ಟೇಷನ್ನಿಗೆ ಬಂದು ನನ್ನನ್ನು ಬಯಲಿಗೆ ಕರೆದೊಯ್ದರು. ನಲವತ್ತೈದು ದಾಟಿದವರು, ಮೊದಲು ಕುರಿ ಕಾಯುತ್ತಿದ್ದರು. ಹಿಂದಿನ ರಾತ್ರಿ ಮಳೆಯಾಗಿತ್ತು. ಎರೆಮಣ್ಣು ಮಳೆಗೆ ಬೆಣ್ಣೆಯಂತಾಗಿ, ಚಪ್ಪಲಿಗೆ ಮೆತ್ತಿ, ಹೆಜ್ಜೆಗೊಂದು ಸೇರು ಭಾರ ಏರುತ್ತಿತ್ತು.

"ಹೋದ ಆಯ್ತವಾರ ಮೂರು ಗಾಡಿ ಬಂದಿದ್ವರಿ ಅಕ್ಕಾರ. ನಿನ್ನೆ ಒಂದು. ಮೊದಲೂ ಬರತಿದ್ರು, ಕಾಲಿವಿ ಕಡೆ ಹುಡುಕ್ಯಾಡಿ ಹೊಳ್ಳಿ ಹೋಗತಿದ್ರು. ಈಗ ಸೀದಾ ಇಲ್ಲೇ ಬರತಾರ. ಕೈ ಹಿಡದು ಕರಕೊಂಡು ಬಂದಂಗ."

ನಾನು ಆಟದ ಕಂಪನಿಯವಳೆಂದು ಅವರಿಗೆ ಗೊತ್ತಿತ್ತು. ಬಯ್ಯಲಿಲ್ಲ. ಎರಡು ಬದುವಿನಾಚೆ ಕೂರಿಸಿ, "ನೆಟ್ಟಗೆ ನೋಡಬ್ಯಾಡ್ರಿ, ವಾರಿಗಣ್ಣಿಲೆ ನೋಡ್ರಿ. ನೆಟ್ಟಗೆ ನೋಡಿದ್ರ ಅದಕ್ಕ ಗೊತ್ತಾಗ್ತೈತಿ" ಎಂದರು. ಕುರುಚಲು ಹುಲ್ಲಿನ ನಡುವೆ ಬೂದು ಬಣ್ಣದ ಒಂದು ಕುತ್ತಿಗೆ, ಕಪ್ಪು ನೆತ್ತಿ. ಹೆಣ್ಣು ಕಾವು ಕೂತಿತ್ತು.

"ಇನ್ನ ಎಷ್ಟು ದಿನ?"

"ನನ್ನ ಲೆಕ್ಕಕ್ಕ ಒಂದು ವಾರ. ಅಷ್ಟು ದಾಟಿಸಿದ್ರ ಮರಿ ತಾನ ಎದ್ದು ನಡೀತೈತಿ."

ಆಗ ಫೋನಿನಿಂದಲೇ ಆ ಗುಂಡಿ ಒತ್ತಿದೆ. ಬದುವಿನ ಮೇಲೆ ನಿಂತು ಕೈ ಎತ್ತಿದರೆ ಒಂದು ಗೆರೆ ಸಿಗ್ನಲ್ ಬರುತ್ತಿತ್ತು. ನನ್ನ ಹೆಸರಿನಲ್ಲಿ ಕೇಳಿದೆ, ಮುಖ್ಯಸ್ಥನ ಹೆಸರಿನಲ್ಲಿ ಒಪ್ಪಿದೆ. ಆ ಇಡೀ ಪ್ರದೇಶ ಆಟದಲ್ಲಿ ಬೂದಿ ಬಣ್ಣಕ್ಕೆ ತಿರುಗಿತು. ನನಗೆ ಅಳು ಬಂತು, ಸಮಾಧಾನದ ಅಳು. ಆ ಸಮಾಧಾನ ಅರ್ಧ ಗಂಟೆಯೂ ಇರಲಿಲ್ಲ.

ಮೊದಲು ಸದ್ದು ಕೇಳಿತು. ಬಂಡಿದಾರಿ ಬಿಟ್ಟು ಬಯಲಿಗೆ ಇಳಿದ ಬಿಳಿ ಕಾರು, ಎತ್ತರದ್ದು, ತೆಲಂಗಾಣದ ನಂಬರ್. ಕಾವಲುಗಾರರು ಟವೆಲ್ ಬೀಸುತ್ತ ಓಡಿದರು, ನಾನು ಹಿಂದೆ ಓಡಿದೆ. ಕಾರು ನಿಂತಿತು. ಒಳಗೆ ಮೂವರು ಹುಡುಗರು, ಕಾಲೇಜು ವಯಸ್ಸು.

"ಅರೆ ಚಾಚಾ, ಹಟೋ ನಾ! ಗೇಮ್ ಮೇ ಯಹೀಚ್ ಬತಾರಾ" ಎಂದು ಸ್ಟಿಯರಿಂಗ್ ಹಿಡಿದವನು ನಕ್ಕ; ಆಟ ಇದೇ ಜಾಗ ತೋರಿಸುತ್ತಿದೆ, ಪಕ್ಕಕ್ಕೆ ಸರಿಯಿರಿ ಎಂದು. ಅವನ ಫೋನಿನಲ್ಲಿ ನಮ್ಮ ಬಯಲು ಹಸಿರಾಗಿಯೇ ಇತ್ತು. ಹೈದರಾಬಾದಿನಲ್ಲೇ ಇಳಿಸಿಟ್ಟುಕೊಂಡು ಬಂದಿದ್ದ ನಕ್ಷೆ.

"ಆ ಆಟ ಮಾಡಿದವಳೇ ನಾನು. ಗರಿ ಎಷ್ಟು ಬೇಕೋ ನಾನೇ ಕೊಡತೀನಿ, ವಾಪಸ್ ಹೋಗ್ರಿ" ಎಂದು ಹಿಂದಿಯಲ್ಲಿ ಕೂಗಿದೆ. ಹಿಂದಿನ ಸೀಟಿನವನು, "ಆಂಟಿ ಫೇಕ್ ಹೈ ರೇ" ಎಂದ. ಮೂವರೂ ನಕ್ಕರು. ಕೆಟ್ಟ ಹುಡುಗರಾಗಿರಲಿಲ್ಲ. ಅದನ್ನು ಇಲ್ಲಿ ಬರೆಯಲೇಬೇಕು.

ಕಾವಲುಗಾರರು ಕಾರಿನ ಮುಂದೆ ನಿಂತರು. ಅವರ ಬೆನ್ನ ಹಿಂದೆ, ಎಪ್ಪತ್ತು ಎಂಬತ್ತು ಹೆಜ್ಜೆಗಳಾಚೆ, ಆ ಕುತ್ತಿಗೆ. ಹುಡುಗ ಅವರನ್ನು ಬಳಸಿಕೊಂಡು ಹೋಗಲು ಕಾರನ್ನು ಎಡಕ್ಕೆ ತಿರುಗಿಸಿ ವೇಗ ಕೊಟ್ಟ. ಕಾವಲುಗಾರರೂ ಅದೇ ಕಡೆಗೆ ಸರಿದರು. ಹುಡುಗ ಬ್ರೇಕ್ ಒತ್ತಿದ. ಒತ್ತಿದ್ದನ್ನು ನಾನು ನೋಡಿದೆ. ಹಿಂದಿನ ಕೆಂಪು ದೀಪ ಹತ್ತಿತು. ಚಕ್ರಗಳು ನಿಂತವು. ಕಾರು ನಿಲ್ಲಲಿಲ್ಲ. ಒದ್ದೆ ಎರೆಯ ಮೇಲೆ ಅದು ಸದ್ದಿಲ್ಲದೆ, ಅಡ್ಡಡ್ಡಲಾಗಿ ಜಾರುತ್ತ ಹೋಯಿತು. ಕಾವಲುಗಾರರು ಎರಡೂ ಅಂಗೈ ಮುಂದೆ ಚಾಚಿದರು, ಎತ್ತನ್ನು ತಡೆಯುವವರ ಹಾಗೆ. ಬಾನೆಟ್ಟಿನ ಅಂಚು ಎದೆಗೆ ತಾಗಿತು. ಬಿದ್ದರು. ಕಾರು ಇನ್ನೂ ಎರಡು ಮಾರು ಜಾರಿ ನಿಂತಿತು.

ಮುಂದಿನ ಚಕ್ರದ ಪಕ್ಕದಲ್ಲಿ ಒಂದು ಕೈ ಮಾತ್ರ ಕಾಣುತ್ತಿತ್ತು. ಬೆರಳುಗಳು ಮಣ್ಣನ್ನು ಹಿಡಿದಿದ್ದವು.

ಈಗಲೂ ನಾಚಾರಂ ತಿರುವಿನಲ್ಲಿ ಆಟೋ ಸ್ವಲ್ಪ ಜಾರಿದರೆ ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತದೆ. ಎಷ್ಟು ಸಲ ಒತ್ತಿದರೂ ಆ ಕಾರು ಅಷ್ಟೇ ದೂರ ಹೋಗಿ ನಿಲ್ಲುತ್ತದೆ.

ಬದುಕಿದ್ದರು. ಮಣ್ಣು ಮೆತ್ತಗಿದ್ದರಿಂದ ಬದುಕಿದರು. ಭುಜ ಕಳಚಿ, ಮುಂಗೈ ಮೂಳೆ ಮುರಿದಿತ್ತು. ಬೇರೆ ಗಾಡಿಯಿಲ್ಲ, ಅದೇ ಕಾರಿನಲ್ಲಿ ಅದೇ ಹುಡುಗರು ಆಸ್ಪತ್ರೆಗೆ ಒಯ್ಯಬೇಕಾಯಿತು. ಓಡಿಸುತ್ತಿದ್ದವನು ಅಳುತ್ತಿದ್ದ. ನಾನೂ ಹತ್ತಲು ಹೋದೆ. ಕಾವಲುಗಾರರು ಹಲ್ಲು ಕಚ್ಚಿಕೊಂಡು, "ನೀವು ಬರಬ್ಯಾಡ್ರಿ. ದೂರ ಹೋಗಿ ಕುಂದರ್ರಿ. ನಾಯಿ ಬಂದ್ರ ಓಡಸ್ರಿ. ಅದು ಎದ್ದು ಹೋಗೈತಿ, ಬಂದ್ರ ಬರತೈತಿ" ಎಂದರು.

ಕೂತೆ. ಮೋಡ ಸರಿದು ಬಿಸಿಲು ಬಿತ್ತು. ಮೊಟ್ಟೆ ಇದ್ದ ಜಾಗದ ಮೇಲೂ ಅದೇ ಬಿಸಿಲು. ನೆರಳು ಮಾಡಲು ಹೋದರೆ ಹಕ್ಕಿ ಬರುವುದಿಲ್ಲ, ಹೋಗದಿದ್ದರೆ ಮೊಟ್ಟೆ ಬೇಯುತ್ತದೆ. ಓದಿದ ಯಾವ ಪುಸ್ತಕದಲ್ಲೂ ಇದಕ್ಕೆ ಉತ್ತರವಿರಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ಹಕ್ಕಿ ಬಂತು. ದೂರದಲ್ಲಿ ಇಳಿದು ನಡೆದು ಬಂತು, ಎರಡು ಹೆಜ್ಜೆ ನಡೆದು ನಿಂತು, ಮತ್ತೆ ಎರಡು ಹೆಜ್ಜೆ. ಕಾರಿನ ಚಕ್ರ ಕೊರೆದ ಎರಡು ಗಾಡಿಗೆರೆಗಳ ಹತ್ತಿರ ಬಂದಾಗ ನಿಂತಿತು. ಅದರಾಚೆ ಮೊಟ್ಟೆ. ಹಕ್ಕಿ ಆ ಗೆರೆಯ ಗುಂಟ ಇತ್ತ ನಡೆಯಿತು, ಅತ್ತ ನಡೆಯಿತು. ದಾಟಲಿಲ್ಲ. ನಾನು ವಾರೆಗಣ್ಣಿನಲ್ಲೇ ನೋಡುತ್ತಿದ್ದೆ. ಬಹಳ ಹೊತ್ತಿನ ಮೇಲೆ ಅದು ತಿರುಗಿ ಬಂದ ದಾರಿಯಲ್ಲೇ ನಡೆದು, ಹಾರಿ ಹೋಯಿತು.

ಸಂಜೆ ಅರಣ್ಯ ಸಿಬ್ಬಂದಿ ಬಂದು ಮೊಟ್ಟೆಯನ್ನು ಹತ್ತಿಯಲ್ಲಿ ಸುತ್ತಿ ಒಯ್ದರು. ಅದರಿಂದ ಮರಿ ಹೊರಬರಲಿಲ್ಲ.

ಭಾನುವಾರ ಆಸ್ಪತ್ರೆಗೆ ಹೋದೆ. ಕಾವಲುಗಾರರ ಕೈಗೆ ಪಟ್ಟಿ ಕಟ್ಟಿದ್ದರು, ಹೆಂಡತಿ ಪಕ್ಕದಲ್ಲಿ ಕೂತಿದ್ದರು. ಅವರೇ ಮಾತು ತೆಗೆದರು.

"ನಾ ನಿಮಗ ಬರದಿದ್ನೆಲ್ರಿ ಅಕ್ಕಾರ. ಆಟದ ಕೆಳಗ ಬರೆಯೋ ಜಾಗದಾಗ."

"ಯಾವಾಗರಿ?"

"ಬ್ಯಾಸಗಿಯಾಗ. ಮಗಳ ಕಡಿಂದ ಬರಸಿದ್ದೆ. ಐದು ಚುಕ್ಕಿ ಕೊಡವಾ, ಪಾಪ ಹಕ್ಕಿ ಆಟ ಮಾಡ್ಯಾರ ಅಂದೆ. ಇಲ್ಲಪ್ಪ, ಒಂದು ಕೊಟ್ರ ದೊಡ್ಡವರು ಲಗೂನ ಓದ್ತಾರ ಅಂದ್ಲು."

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದು ಹುಡುಕಿದೆ. ಇತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ:

"ಸರ್ ನಿಮ್ಮ ನಕ್ಷಾ ಸರಿ ಇಲ್ಲ. ನಕ್ಷಾದಾಗ ನಮ್ಮ ಬಯಲು ತೋರಿಸಬ್ಯಾಡ್ರಿ. ಜನ ಗಾಡಿ ತಗೊಂಡು ಹುಡುಕಾಕ ಬರಾಕತ್ತಾರ. ವರ್ಷಕ್ಕ ಒಂದ ತತ್ತಿ ಇಡತೈತಿ. ಹಕ್ಕಿ ತೋರಿಸ್ರಿ, ಜಾಗ ಬ್ಯಾಡ."

ಅದರ ಮುಂದೆ ನನ್ನ ಚೀಟಿ: ನಕ್ಷೆ. ಅಂಟಿಸಿದ ಹೊತ್ತು ಬೆಳಿಗ್ಗೆ. ಖಾಲಿ ಹೊಟ್ಟೆಯಲ್ಲಿ, ಚುರುಕಾದ ತಲೆಯಲ್ಲಿ, ಮೊದಲ ವಾಕ್ಯ ಓದಿ ಮುಂದಿನ ಸಾಲಿಗೆ ಹೋಗಿದ್ದೆ. ಕೆಂಪು ಕಂಬದಲ್ಲಿ ಇವರೂ ಒಬ್ಬರು. ನಕ್ಷೆ ನಿಖರವಾಗಬೇಕು ಎಂದವರ ಗುಂಪಿನಲ್ಲಿ ಇವರನ್ನೂ ನಿಲ್ಲಿಸಿದ್ದೆ. ಕೆಳಗೆ ನಮ್ಮ ಸಿದ್ಧ ಉತ್ತರವೂ ಹೋಗಿತ್ತು: "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ. ನಕ್ಷೆಯನ್ನು ಇನ್ನಷ್ಟು ನಿಖರಗೊಳಿಸುತ್ತಿದ್ದೇವೆ. ಮುಂದಿನ ಅಪ್‌ಡೇಟ್ ನೋಡಿ ಐದು ನಕ್ಷತ್ರ ಕೊಡಿ."

ಸೋಮವಾರ ಇದನ್ನು ಮುದ್ರಿಸಿ ಮುಖ್ಯಸ್ಥನ ಮುಂದಿಟ್ಟೆ. ಪಾಸ್‌ವರ್ಡ್ ಬಳಸಿದ್ದಕ್ಕೆ ಕೂಗಾಡಲು ಸಿದ್ಧನಾಗಿದ್ದವನು ಓದಿ ಹಾಳೆಯನ್ನು ಮಗುಚಿ ಇಟ್ಟ.

"ಇದು ವರದಿಗೆ ಬೇಡ ಕಣ್ರೀ. ಅಷ್ಟು ಜನ ಬರೆದಿರ್ತಾರೆ, ಅದರಲ್ಲಿ ಒಂದು ಸಾಲು. ಯಾರಿಗಾದ್ರೂ ತಪ್ಪುತ್ತೆ. ಇದನ್ನ ಹೊರಗೆ ಕೊಟ್ರೆ ನಿಮ್ಮ ತಲೆಗೇ ಬರೋದು, ಯೋಚನೆ ಮಾಡಿ."

"ನನ್ನ ತಲೀಗೇ ಬರಬೇಕ್ರಿ" ಎಂದೆ. ಸಂಶೋಧಕಿಗೂ ಅರಣ್ಯ ಕಚೇರಿಗೂ ನಾನೇ ಕಳಿಸಿದೆ: ಸಾಲು, ಚೀಟಿ, ಉತ್ತರ, ನನ್ನ ವರದಿಯ ಆ ವಾಕ್ಯ, ಗುರುವಾರದಿಂದ ಶನಿವಾರದ ತನಕ ಒತ್ತದೆ ಬಿಟ್ಟ ಗುಂಡಿ, ಎಲ್ಲವೂ. ನಿಜವಾದ ಗುರುತುಗಳನ್ನು ಸರ್ವರಿನಿಂದ ಅಳಿಸಲಾಯಿತು. ಆಟದ ಬಯಲುಗಳೆಲ್ಲ ಈಗ ಚಿತ್ರಕಾರ ಬರೆದ ಬಯಲುಗಳು. ನನ್ನನ್ನು ತೆಗೆಯಲಿಲ್ಲ. ತೆಗೆದಿದ್ದರೆ ಹಗುರಾಗುತ್ತಿತ್ತೇನೋ. ಇನ್ನೂ ಅದೇ ಕುರ್ಚಿಯಲ್ಲಿ ಕೂತು, "ಹಳೇ ನಕ್ಷೆ ವಾಪಸ್ ಕೊಡಿ" ಎಂಬ ಒಂದು ನಕ್ಷತ್ರದವರನ್ನು ಓದುತ್ತೇನೆ. ಪ್ರತಿ ಸಾಲನ್ನೂ ಕೊನೆಯ ಅಕ್ಷರದ ತನಕ ಓದುತ್ತೇನೆ. ಕೆಲಸ ನಿಧಾನವಾಗಿದೆ ಎಂಬ ದೂರು ನನ್ನ ಮೇಲಿದೆ.

ಮರುವರ್ಷ ಮಳೆ ಶುರುವಾದ ಮೇಲೆ ಕಾವಲುಗಾರರಿಗೆ ಫೋನ್ ಮಾಡಿದೆ. ಕೈ ಭುಜಕ್ಕಿಂತ ಮೇಲೆ ಏಳುವುದಿಲ್ಲ, ಬೈಕು ಮಗಳು ಓಡಿಸುತ್ತಾಳೆ ಎಂದರು.

"ಬಂದೈತೇನ್ರಿ ಈ ಸಲ?"

"ಇಲ್ರಿ ಅಕ್ಕಾರ. ದಿನಾ ಹೋಗಿ ನೋಡತೀನಿ. ಬಂದಿಲ್ಲ."

ಆಮೇಲೆ ಅವರು ಕೇಳಿದರು. ಅವರ ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದರು.

"ನಿಮ್ಮ ಆಟದಾಗ ಅದಾವೇನ್ರಿ, ಇನ್ನ?"

"ಅದಾವ್ರಿ" ಎಂದೆ. "ಭಾಳ ಅದಾವ."